ಕದ್ದ ಮಾಲು ನಿಮ್ಮ ಹತ್ರ ಇದೆ ಅಂತ ಪೊಲೀಸ್ ಕರೆದ್ರೆ: ಮೈಸೂರು, ಮಂಡ್ಯದ ಕಾಲೇಜ್ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರು ಕೋರ್ಟಲ್ಲಿ ಪ್ರಾಕ್ಟೀಸ್ ಮಾಡ್ತೀನಿ, ಊರು ಮಂಡ್ಯ ಕಡೆ. ರಾತ್ರಿ ಹತ್ತೂವರೆ ಮೇಲೆ ಗೊತ್ತಿಲ್ಲದ ನಂಬರಿಂದ ಫೋನ್ ಬಂದು "ಮೇಡಂ, ನಾನು ಸೆಕೆಂಡ್ ಇಯರ್ ಬಿಕಾಂ..." ಅಂತ ಶುರುವಾಗಿ ಮಾತು ಅಲ್ಲೇ ನಿಂತೋದ್ರೆ ವಿಷಯ ಏನು ಅಂತ ನಂಗೆ ಅರ್ಧ ಗೊತ್ತಾಗ್ಬಿಡತ್ತೆ. ಸೆಕೆಂಡ್ ಹ್ಯಾಂಡ್ ಫೋನು, ಇಲ್ಲಾ ಫ್ರೆಂಡ್ ಬಿಟ್ಟೋದ ಬೈಕು, ಇಲ್ಲಾ ಯಾರದೋ ಚೈನು ಇವರ ಆಧಾರಲ್ಲಿ ಅಡ ಇಟ್ಟಿದ್ದು. ಪ್ರಶ್ನೆಗಳೂ ಅವೇ, ಭಯಾನೂ ಅದೇ. ಅದಕ್ಕೆ ಒಂದು ಕಡೆ ಬರೆದಿಡ್ತಾ ಇದ್ದೀನಿ. ಇದನ್ನ ಓದಿದ ಮೇಲೂ ಲಾಯರ್ ಬೇಕೇ ಬೇಕು, ಆದ್ರೆ ಲಾಯರ್ ಸಿಗೋವರೆಗಿನ ಆ ಐದಾರು ಗಂಟೇಲಿ ಮಕ್ಕಳು ತಮ್ಮ ಕೇಸನ್ನ ತಾವೇ ಹಾಳು ಮಾಡ್ಕೊಳ್ಳೋದು ನೋಡಿ ನೋಡಿ ಸಾಕಾಗಿದೆ.

ಸ್ಟೇಷನ್ನಿಂದ ಫೋನ್ ಬಂತು, "ನೀನು ಯೂಸ್ ಮಾಡ್ತಿರೋ ಫೋನ್ ಕಳುವಾಗಿದ್ದು, ನಾಳೆ ಬಾ" ಅಂದ್ರು. ಈಗ ಫಸ್ಟ್ ಏನ್ ಮಾಡ್ಲಿ?

ಏನನ್ನೂ ಡಿಲೀಟ್ ಮಾಡ್ಬೇಡಿ. ಇದನ್ನ ಎಲ್ಲಕ್ಕಿಂತ ಮುಂಚೆ ಹೇಳ್ತೀನಿ ಯಾಕಂದ್ರೆ ಹತ್ತರಲ್ಲಿ ಏಳೆಂಟು ಜನ ಫೋನ್ ಇಟ್ಟ ತಕ್ಷಣ ಮಾಡೋ ಕೆಲಸಾನೇ ಅದು, ಮಾರಿದವನ ಜೊತೆ ಮಾಡಿದ ಚಾಟ್ ಅಳಿಸ್ತಾರೆ, ನಂಬರ್ ಬ್ಲಾಕ್ ಮಾಡ್ತಾರೆ, ಫೋನನ್ನ ರೀಸೆಟ್ ಹೊಡೀತಾರೆ, ಇನ್ನೂ ಕೆಲವರು ಯಾವುದೋ ಕೆರೆಗೋ ನಾಲೆಗೋ ಎಸೆದು ಬರ್ತಾರೆ. ನೀವು ದುಡ್ಡು ಕೊಟ್ಟು ನಂಬಿಕೆಯಿಂದ ತಗೊಂಡ್ರಿ ಅನ್ನೋದಕ್ಕೆ ಇರೋ ಸಾಕ್ಷಿನೇ ಆ ಚಾಟು, ಆ ಫೋನ್‌ಪೇ ಎಂಟ್ರಿ, ಆ ಜಾಹೀರಾತಿನ ಸ್ಕ್ರೀನ್‌ಶಾಟು. ಅದನ್ನ ಅಳಿಸಿದ್ರೆ ನಿಮ್ಮ ಪರ ಇದ್ದ ಸಾಕ್ಷಿನೂ ಹೋಯ್ತು, ಮೇಲಿಂದ "ಗೊತ್ತಿದ್ದಿದ್ದಕ್ಕೇ ತಾನೇ ಅಳಿಸಿದ್ದು" ಅನ್ನೋ ಮಾತಿಗೆ ದಾರಿನೂ ಆಯ್ತು.

ಸರಸ್ವತಿಪುರಂ ಪಿಜಿಲಿದ್ದ ಒಬ್ಬ ಹುಡುಗ, ಮದ್ದೂರು ಕಡೆ ಹಳ್ಳಿಯವನು, ಸೀನಿಯರ್ ಹತ್ರ ಆರು ಸಾವಿರಕ್ಕೆ ಫೋನ್ ತಗೊಂಡಿದ್ದ. ಭಯಕ್ಕೆ ಎಲ್ಲಾ ಅಳಿಸ್ಬಿಟ್ಟಿದ್ದ. ಕೊನೆಗೆ ಉಳ್ಕೊಂಡಿದ್ದು ಬ್ಯಾಂಕ್ ಸ್ಟೇಟ್‌ಮೆಂಟಲ್ಲಿದ್ದ ಒಂದೇ ಒಂದು ಲೈನು, ಆ ತಾರೀಕು ಆ ಸೀನಿಯರ್ ಹೆಸರಿಗೆ ಆರು ಸಾವಿರ ಹೋಗಿದ್ದು. ಅವನ ಅಪ್ಪ ಬ್ಯಾಂಕಿಗೆ ಎರಡು ಸಲ ಅಲೆದು ತಂದ್ಕೊಟ್ಟ ಆ ಹಾಳೆ ಮೇಲೇ ನಾವು ಜಾಮೀನು ವಾದ ಮಾಡಿದ್ದು.

ಹಾಗಾಗಿ ಆ ರಾತ್ರಿ ಮಾಡ್ಬೇಕಾದ್ದು ಇಷ್ಟು: ಚಾಟ್ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆ ಇರೋ ಒಬ್ಬರಿಗೆ ಕಳಿಸಿ, ದುಡ್ಡು ಹೋದ ಎಂಟ್ರಿ ಸೇವ್ ಮಾಡಿ, ಬಾಕ್ಸು ಬಿಲ್ಲು ಏನಿದ್ರೂ ತೆಗೆದಿಡಿ, ಮನೆಗೆ ಹೇಳಿ, ಲಾಯರ್ ಹುಡುಕಿ. ಮಾರಿದವನಿಗೆ ಫೋನ್ ಮಾಡಿ ಬೈಯೋದು, "ಹಿಂಗೆ ಹೇಳೋಣ" ಅಂತ ಇಬ್ಬರೂ ಮಾತಾಡ್ಕೊಳ್ಳೋದು, ಎರಡೂ ಬೇಡ.

ನಾನು ಕದ್ದೇ ಇಲ್ಲ, ದುಡ್ಡು ಕೊಟ್ಟು ತಗೊಂಡಿದ್ದು. ಆದ್ರೂ ಕೇಸ್ ಆಗತ್ತಾ?

ಆಗಬಹುದು. ಕಳ್ಳತನ ಬೇರೆ ಅಪರಾಧ, ಕದ್ದ ಮಾಲು ಇಟ್ಕೊಳ್ಳೋದು ಬೇರೆ ಅಪರಾಧ. ಹಳೇ ಐಪಿಸಿಲಿ 411ನೇ ಸೆಕ್ಷನ್ ಅಂತಿದ್ದಿದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನ ಎರಡನೇ ಉಪವಿಭಾಗ ಆಗಿದೆ. ಶಿಕ್ಷೆ 3 ವರ್ಷದವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಆದ್ರೆ ವಸ್ತು ಕೈಲಿ ಇದ್ದ ಮಾತ್ರಕ್ಕೆ ಅಪರಾಧ ಆಗಲ್ಲ. ಅದು ಕದ್ದಿದ್ದು ಅಂತ ನಿಮಗೆ ಗೊತ್ತಿರಬೇಕು, ಅಥವಾ ಹಾಗೆ ನಂಬೋಕೆ ಕಾರಣ ಇರಬೇಕು, ಮತ್ತೆ ಅಪ್ರಾಮಾಣಿಕ ಉದ್ದೇಶದಿಂದ ತಗೊಂಡಿರಬೇಕು ಅಥವಾ ಇಟ್ಕೊಂಡಿರಬೇಕು. ಇಡೀ ಕೇಸು ನಿಂತಿರೋದು "ನಿಂಗೆ ಗೊತ್ತಿತ್ತಾ" ಅನ್ನೋ ಒಂದು ಪ್ರಶ್ನೆ ಮೇಲೆ.

ಆ "ನಂಬೋಕೆ ಕಾರಣ" ಅನ್ನೋ ಮಾತಲ್ಲೇ ಮಕ್ಕಳು ಸಿಕ್ಕಿಬೀಳೋದು. ಅರವತ್ತು ಸಾವಿರದ ಫೋನ್ ಎಂಟು ಸಾವಿರಕ್ಕೆ ಬಂತು, ಬಾಕ್ಸಿಲ್ಲ ಚಾರ್ಜರಿಲ್ಲ ಬಿಲ್ಲಿಲ್ಲ, ಲಾಕ್ ತೆಗೆಸೋಕೆ ಇನ್ನೊಂದು ಅಂಗಡಿಗೆ ಹೋಗ್ಬೇಕಾಯ್ತು, ಮಾರಿದವನು ಬಸ್ ಸ್ಟ್ಯಾಂಡ್ ಹತ್ರ ನಿಂತು ಕ್ಯಾಶೇ ಬೇಕು ಅಂದ. ಇಷ್ಟೆಲ್ಲಾ ಇದ್ರೂ ನಂಗೇನೂ ಅನುಮಾನ ಬರಲಿಲ್ಲ ಅಂದ್ರೆ ಕೋರ್ಟ್ ಅಷ್ಟು ಸುಲಭಕ್ಕೆ ಒಪ್ಪಲ್ಲ. ಅದೇ ಮೂರು ವರ್ಷ ಹಳೇ ಫೋನು, ಮಾರ್ಕೆಟ್ ರೇಟಿಗೆ ಹತ್ರದ ರೇಟು, ಆನ್‌ಲೈನ್ ಪೇಮೆಂಟು, ಮಾರಿದವನ ಹೆಸರು ವಿಳಾಸ ಗೊತ್ತು ಅಂದ್ರೆ ಕಥೆ ಪೂರ್ತಿ ಬೇರೆ.

ಇನ್ನೊಂದು ವಿಷಯ. ಕಳ್ಳತನ ಆಗಿ ಸ್ವಲ್ಪ ದಿನದಲ್ಲೇ ಮಾಲು ನಿಮ್ಮ ಹತ್ರ ಸಿಕ್ಕಿ, ಅದು ಹೇಗೆ ಬಂತು ಅಂತ ನೀವು ವಿವರಣೆ ಕೊಡ್ಲಿಲ್ಲ ಅಂದ್ರೆ, ಒಂದೋ ನೀವೇ ಕದ್ದಿದ್ದೀರಿ ಇಲ್ಲಾ ಗೊತ್ತಿದ್ದೇ ತಗೊಂಡಿದ್ದೀರಿ ಅಂತ ಕೋರ್ಟ್ ಊಹೆ ಮಾಡ್ಕೋಬಹುದು, ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಸೆಕ್ಷನ್ನಲ್ಲಿ ಉದಾಹರಣೆಯಾಗೇ ಇದನ್ನ ಕೊಟ್ಟಿದ್ದಾರೆ. ಮಾಡ್ಕೊಳ್ಳಲೇಬೇಕು ಅಂತಿಲ್ಲ, ಮಾಡ್ಕೋಬಹುದು ಅಂತ. ಅದಕ್ಕೇ ವಿವರಣೆಯ ಸಾಕ್ಷಿ ಉಳಿಸ್ಕೊಳ್ಳಿ ಅಂತ ನಾನು ಇಷ್ಟು ಹೊಡ್ಕೊಳ್ಳೋದು.

ರೂಮ್‌ಮೇಟ್ ತಂದಿಟ್ಟಿದ್ದ ಲ್ಯಾಪ್‌ಟಾಪ್, ನಂಗೆ ಸಂಬಂಧಾನೇ ಇಲ್ಲ

ಒಂದೇ ರೂಮಲ್ಲಿದ್ದೀರಿ ಅಂದ ಮಾತ್ರಕ್ಕೆ ಅದು ನಿಮ್ಮ ಸ್ವಾಧೀನದಲ್ಲಿತ್ತು ಅಂತ ಆಗಲ್ಲ. ಯಾರ ಬೀರುಲಿತ್ತು, ಬೀಗದ ಕೈ ಯಾರ ಹತ್ರ ಇತ್ತು, ಯಾರು ಲಾಗಿನ್ ಆಗಿದ್ರು, ಇದೆಲ್ಲಾ ಲೆಕ್ಕಕ್ಕೆ ಬರತ್ತೆ. ಆದ್ರೆ ನೀವೂ ಅದರಲ್ಲಿ ಅಸೈನ್‌ಮೆಂಟ್ ಮಾಡಿದ್ರೆ ಆ ಮಾತನ್ನ ನಿಮ್ಮ ಲಾಯರ್ ಹತ್ರ ಮುಚ್ಚಿಡ್ಬೇಡಿ.

ಫ್ರೆಂಡ್ "ನಿನ್ನ ಆಧಾರ್ ಕೊಡು ಮಗಾ, ಚೈನ್ ಅಡ ಇಡ್ಬೇಕು" ಅಂದ, ಕೊಟ್ಟೆ. ಈಗ ನಾನೇ ಎ2, ಅಂದ್ರೆ ಎರಡನೇ ಆರೋಪಿ ಆಗಿದ್ದೀನಿ.

ಇದು ನನಗೆ ತುಂಬಾ ಸಂಕಟ ಕೊಡೋ ಪ್ರಶ್ನೆ, ಯಾಕಂದ್ರೆ ಇಲ್ಲಿ ಸಿಕ್ಕಿಬೀಳೋದು ಯಾವಾಗ್ಲೂ ಇಲ್ಲ ಅನ್ನೋಕೆ ಬರದ ಮಕ್ಕಳು. ಫೈನಾನ್ಸ್ ಕಂಪನಿ ರಿಜಿಸ್ಟರಲ್ಲಿ ಹೆಸರು ನಿಮ್ದು, ಫೋಟೋ ನಿಮ್ದು, ಸಹಿ ನಿಮ್ದು, ದುಡ್ಡು ಬಿದ್ದಿದ್ದು ನಿಮ್ಮ ಅಕೌಂಟಿಗೆ, ಕೊಟ್ಟವನ ಹೆಸರು ಎಲ್ಲೂ ಇಲ್ಲ. ಕದ್ದ ಮಾಲನ್ನ ಬಚ್ಚಿಡೋಕೆ, ಸಾಗಿಸೋಕೆ, ಮಾರೋಕೆ ಬೇಕಂತಲೇ ಸಹಾಯ ಮಾಡಿದ್ರೆ ಅದೇ 317ರ ಐದನೇ ಉಪವಿಭಾಗ, ಅದಕ್ಕೂ 3 ವರ್ಷದವರೆಗೆ. ಇಲ್ಲೂ ಗೊತ್ತಿತ್ತಾ ಅನ್ನೋದೇ ಪ್ರಶ್ನೆ. ಅಕೌಂಟಿಗೆ ಬಂದ ದುಡ್ಡನ್ನ ಅವತ್ತೇ ಅವನಿಗೆ ದಾಟಿಸಿದ್ರೆ ಆ ಎಂಟ್ರಿ ನಿಮ್ಮ ಪಾಲಿಗೆ ಬಂಗಾರ. "ನಮ್ಮಮ್ಮಂದು ಚೈನು, ಫೀಸ್ ಕಟ್ಬೇಕು" ಅಂತ ಅವನು ಮೆಸೇಜ್ ಹಾಕಿದ್ರೆ ಅದು ಅದಕ್ಕಿಂತ ದೊಡ್ಡದು.

ಸ್ಟೇಷನ್ನಿಗೆ ಹೋಗದೇ ಇದ್ರೆ?

ಹೋಗಿ. ತಲೆ ತಪ್ಪಿಸ್ಕೊಂಡು ಊರಿಗೆ ಓಡಿದ್ರೆ ಅರೆಸ್ಟ್ ಮಾಡೋಕೆ ನೀವೇ ಕಾರಣ ಕೊಟ್ಟಂಗೆ. 7 ವರ್ಷದವರೆಗಿನ ಶಿಕ್ಷೆಯ ಕೇಸಲ್ಲಿ ಸುಮ್ಮನೆ ಯಾಂತ್ರಿಕವಾಗಿ ಬಂಧಿಸಬಾರದು, ಯಾಕೆ ಬಂಧಿಸಲೇಬೇಕಾಯ್ತು ಅಂತ ಕಾರಣ ಬರೀಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಕೇಸಲ್ಲಿ ಹೇಳಿದೆ. ಬಂಧನ ಬೇಡ ಅಂದಾಗ ಪೊಲೀಸ್ರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದಿದ್ದು) 35ರ ಮೂರನೇ ಉಪವಿಭಾಗದಲ್ಲಿ ನೋಟಿಸ್ ಕೊಡ್ತಾರೆ, ಇಂಥ ದಿನ ಇಷ್ಟು ಗಂಟೆಗೆ ಬಾ ಅಂತ. ಅದರಂತೆ ನೀವು ಹೋಗಿ ಸಹಕರಿಸ್ತಾ ಇದ್ರೆ, ಬಂಧಿಸೋದು ಅಗತ್ಯ ಅಂತ ಬರವಣಿಗೇಲಿ ಕಾರಣ ದಾಖಲಿಸದೆ ಬಂಧಿಸೋ ಹಾಗಿಲ್ಲ. ಈ ನೋಟಿಸನ್ನ ವಾಟ್ಸಾಪಲ್ಲಿ ಕಳಿಸಿದ್ರೆ ಕಾನೂನು ಪ್ರಕಾರ ಕೊಟ್ಟಂಗಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದ್ರೆ ವಾಟ್ಸಾಪಲ್ಲಿ ಬಂದಿದ್ದನ್ನ ಅಸಡ್ಡೆ ಮಾಡಿ ಅಂತಲ್ಲ, ಲಾಯರಿಗೆ ತೋರಿಸಿ, ಹೋಗಿ ಕೈಗೆ ನೋಟಿಸ್ ಕೇಳಿ ತಗೊಳ್ಳಿ.

ಒಬ್ಬರೇ ಹೋಗ್ಬೇಡಿ. ಹಗಲಲ್ಲಿ ಹೋಗಿ. ಹೋಗೋ ಮುಂಚೆ ಯಾವ ಸ್ಟೇಷನ್, ಎಷ್ಟು ಗಂಟೆಗೆ, ಯಾರು ಕರೆದ್ರು ಅಂತ ಮನೆಯವರಿಗೆ ಮೆಸೇಜ್ ಹಾಕಿಟ್ಟು ಹೋಗಿ.

ಮತ್ತೆ, "ಪೊಲೀಸ್ ಮಾತಾಡ್ತಿರೋದು, ಈ ನಂಬರಿಗೆ ಹದಿನೈದು ಸಾವಿರ ಹಾಕು ಕೇಸ್ ಕ್ಲೋಸ್" ಅಂತ ಫೋನ್ ಬಂದ್ರೆ ಅದು ಮೋಸ. ಯಾವ ಕೇಸೂ ಹಂಗೆ ಕ್ಲೋಸ್ ಆಗಲ್ಲ. ದುಡ್ಡು ಹಾಕ್ಬಿಟ್ಟಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ.

ಸ್ಟೇಷನ್ನಲ್ಲಿ ಏನ್ ಹೇಳ್ಬೇಕು, ಏನ್ ಹೇಳ್ಬಾರ್ದು? ಸಹಿ ಹಾಕು ಅಂದ್ರೆ?

ಹೆಸರು, ವಿಳಾಸ, ಕಾಲೇಜು ನಿಜವಾದ್ದೇ ಹೇಳಿ. ಸುಳ್ಳು ಮಾತ್ರ ಹೇಳ್ಬೇಡಿ, ಇವತ್ತು ಹೇಳಿದ ಒಂದು ಸಣ್ಣ ಸುಳ್ಳು ಎರಡು ವರ್ಷ ಆದ್ಮೇಲೆ ಕೋರ್ಟಲ್ಲಿ ನಿಮ್ಮನ್ನೇ ಹಿಡ್ಕೊಳ್ಳತ್ತೆ. ನಿಮ್ಮನ್ನೇ ಅಪರಾಧಕ್ಕೆ ಸಿಕ್ಕಿಸೋ ಉತ್ತರ ಕೊಡ್ಲೇಬೇಕು ಅಂತ ಇಲ್ಲ, ಸಂವಿಧಾನದ 20ನೇ ವಿಧಿಯ ಮೂರನೇ ಖಂಡ ಆ ರಕ್ಷಣೆ ಕೊಟ್ಟಿದೆ. "ಸರ್, ಇದರ ಬಗ್ಗೆ ನಮ್ಮ ಲಾಯರ್ ಹತ್ರ ಮಾತಾಡಿ ಹೇಳ್ತೀನಿ" ಅಂತ ಮರ್ಯಾದೆಯಿಂದ ಹೇಳಿದ್ರೆ ಅದು ಎದುರುತ್ತರ ಅಲ್ಲ.

ಸಹಿ ವಿಷಯ. ಖಾಲಿ ಹಾಳೆಗೆ ಸಹಿ ಹಾಕ್ಬೇಡಿ, ಓದದೇ ಇರೋದಕ್ಕೆ ಹಾಕ್ಬೇಡಿ. ತನಿಖೆಲಿ ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಮಾಡಿಸೋ ಹಾಗೇ ಇಲ್ಲ ಅಂತ ಕಾನೂನಲ್ಲೇ ಇದೆ. ನಮ್ಮ ಕಡೆ ಕೇಸ್ ಫೈಲ್ ತೆಗೆದ್ರೆ "ಸ್ವಇಚ್ಛಾ ಹೇಳಿಕೆ" ಅಂತ ಎರಡು ಪುಟ ಇದ್ದೇ ಇರತ್ತೆ, ತಪ್ಪೊಪ್ಪಿಕೊಂಡಿದ್ದೀನಿ ಅಂತ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಲ್ಲಿ ಸಾಕ್ಷಿ ಆಗಲ್ಲ, ಹಾಗಾಗಿ ಆಗೋಗಿದ್ರೆ ಎದೆ ಒಡ್ಕೊಳ್ಳೋದು ಬೇಡ. ಆದ್ರೆ ಒಂದು ಬಾಗಿಲು ತೆರೆದಿದೆ: ಕಸ್ಟಡಿಲಿ ನೀವು ಹೇಳಿದ ಮಾತಿಂದ ಹೊಸದಾಗಿ ಏನಾದ್ರೂ ಸಿಕ್ತು, "ಬೈಕ್ ಇಂಥ ಕಡೆ ನಿಲ್ಲಿಸಿದ್ದೀನಿ ತೋರಿಸ್ತೀನಿ" ಅಂದು ಅಲ್ಲೇ ಸಿಕ್ತು ಅಂದ್ರೆ, ಆ ಮಾತಿನ ಅಷ್ಟು ಭಾಗ ಸಾಕ್ಷಿ ಆಗತ್ತೆ. ಇದನ್ನೇ ರಿಕವರಿ ಅನ್ನೋದು.

ವಸ್ತು ವಶಪಡಿಸ್ಕೊಂಡ್ರೆ ಪಂಚರ (ಹೊರಗಿನ ಸಾಕ್ಷಿಗಳ) ಮುಂದೆ ಮಹಜರು, ಅಂದ್ರೆ ಏನು ಎಲ್ಲಿ ಸಿಕ್ತು ಅನ್ನೋ ದಾಖಲೆ, ಆಗ್ಬೇಕು, ಈಗಿನ ಕಾನೂನಲ್ಲಿ ಅದನ್ನ ಆಡಿಯೋ ವಿಡಿಯೋ ರೆಕಾರ್ಡ್ ಕೂಡ ಮಾಡ್ಬೇಕು. ಮಹಜರಲ್ಲಿ ಜಾಗ, ಟೈಮು, ಐಎಂಇಐ ನಂಬರ್ ಸರಿ ಇದೆಯಾ ಓದಿ ನೋಡಿ. ನೀವೇ ತಗೊಂಡೋಗಿ ಕೊಟ್ಟಿದ್ದನ್ನ "ರೂಮಲ್ಲಿ ಬಚ್ಚಿಟ್ಟಿದ್ದಾಗ ಸಿಕ್ತು" ಅಂತ ಬರೆದಿದ್ರೆ ಆ ವ್ಯತ್ಯಾಸ ಸಣ್ಣದಲ್ಲ, ಅವತ್ತೇ ಲಾಯರಿಗೆ ಹೇಳಿ.

ಅರೆಸ್ಟ್ ಮಾಡೇಬಿಟ್ರೆ ನನ್ನ ಹಕ್ಕುಗಳೇನು?

ಯಾಕೆ ಬಂಧಿಸ್ತಿದ್ದೀವಿ ಅಂತ ಹೇಳ್ಬೇಕು, ಆ ಕಾರಣ ಬರವಣಿಗೇಲಿ ಕೊಡ್ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಹೇಳಿದ ಒಬ್ಬರಿಗೆ ತಿಳಿಸ್ಬೇಕು, ಅಪ್ಪಂಗೋ ಅಕ್ಕಂಗೋ ಫ್ರೆಂಡಿಗೋ. ವಿಚಾರಣೆ ಪೂರ್ತಿ ಲಾಯರ್ ಪಕ್ಕ ಕೂತಿರೋ ಹಾಗಿಲ್ಲ, ಆದ್ರೆ ಮಧ್ಯೆ ಭೇಟಿ ಮಾಡೋ ಹಕ್ಕಿದೆ. ಪ್ರಯಾಣದ ಟೈಮ್ ಬಿಟ್ಟು 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡ್ಲೇಬೇಕು, ಭಾನುವಾರ ಆಗ್ಲಿ ದಸರಾ ರಜೆ ಆಗ್ಲಿ. ಹುಡುಗೀರನ್ನ ಸೂರ್ಯ ಮುಳುಗಿದ ಮೇಲೆ ಹುಟ್ಟೋವರೆಗೆ ಬಂಧಿಸಬಾರದು, ತೀರಾ ಅಪರೂಪದ ಸಂದರ್ಭ ಬಿಟ್ಟು, ಆಗ್ಲೂ ಮಹಿಳಾ ಅಧಿಕಾರಿ ಮುಂಚೆನೇ ಮ್ಯಾಜಿಸ್ಟ್ರೇಟ್ ಅನುಮತಿ ತಗೊಂಡಿರಬೇಕು.

ಹೊಡೆದಿದ್ರೆ ಮ್ಯಾಜಿಸ್ಟ್ರೇಟ್ "ಏನಾದ್ರೂ ತೊಂದ್ರೆ ಕೊಟ್ರಾ" ಅಂತ ಕೇಳಿದಾಗ ಹೇಳಿ. ಆ ಕ್ಷಣದಲ್ಲಿ ಎಷ್ಟೋ ಮಕ್ಕಳು ತಲೆ ತಗ್ಗಿಸಿ "ಇಲ್ಲ" ಅಂದ್ಬಿಡ್ತಾರೆ, ಹಿಂದೆ ನಿಂತಿರೋರನ್ನ ನೋಡಿ. ಗಾಯ ಇದ್ರೆ ತೋರಿಸಿ, ಡಾಕ್ಟರ್ ಹತ್ರ ಕಳಿಸಿ ಅಂತ ಕೇಳಿ.

ಬೇಲ್ ಸಿಗತ್ತಾ?

ಇದು ಜಾಮೀನುರಹಿತ ಅಪರಾಧ, ಅಂದ್ರೆ ಸ್ಟೇಷನ್ನಲ್ಲೇ ಹಕ್ಕಿನಿಂದ ಕೇಳೋಕಾಗಲ್ಲ, ಕೋರ್ಟ್ ಕೊಡ್ಬೇಕು. ಬೇಲೇ ಇಲ್ಲ ಅಂತ ಅರ್ಥ ಅಲ್ಲ, ಎಷ್ಟೋ ಅಪ್ಪ ಅಮ್ಮ ಆ ಪದ ಕೇಳೇ ಕುಸಿದು ಕೂತ್ಬಿಡ್ತಾರೆ. ಮೊದಲ ಸಲ ಸಿಕ್ಕಿರೋ ವಿದ್ಯಾರ್ಥಿ, ಕಾಯಂ ವಿಳಾಸ ಇದೆ, ವಸ್ತು ಆಗಲೇ ವಶ ಆಗಿದೆ ಅಂದ್ರೆ ಮ್ಯಾಜಿಸ್ಟ್ರೇಟ್ ಕೋರ್ಟಲ್ಲೇ ಸಾಮಾನ್ಯವಾಗಿ ಆಗತ್ತೆ. ಬಂಧನದ ಭಯ ಇದ್ರೆ ಮುಂಚೆನೇ ಸೆಷನ್ಸ್ ಕೋರ್ಟಲ್ಲಿ ನಿರೀಕ್ಷಣಾ ಜಾಮೀನಿಗೆ ಹಾಕಬಹುದು. ಒಳಗಿದ್ದು 60 ದಿನದಲ್ಲಿ ಚಾರ್ಜ್‌ಶೀಟ್ ಬರ್ಲಿಲ್ಲ ಅಂದ್ರೆ ಜಾಮೀನು ಹಕ್ಕಾಗಿ ಸಿಗತ್ತೆ.

ಕಾಲೇಜ್ ಐಡಿ, ಫೀಸ್ ರಸೀದಿ, ಹಾಲ್ ಟಿಕೆಟ್, ಆಧಾರ್ ಇಟ್ಕೊಳ್ಳಿ. ಶ್ಯೂರಿಟಿಗೆ, ಅಂದ್ರೆ ನಿಮ್ಮ ಪರ ಜಾಮೀನು ನಿಲ್ಲೋರು, ನಮ್ಮ ಕಡೆ ಹೆಚ್ಚಾಗಿ ಪಹಣಿ ತರ್ತಾರೆ, ಹೊಸಾ ಪಹಣಿ ಇರ್ಲಿ, ಹೆಸರು ಆಧಾರಲ್ಲಿರೋ ಥರಾನೇ ಇರ್ಲಿ. ಅಜ್ಜನ ಹೆಸರಲ್ಲೇ ಇರೋ ಪಹಣಿ ತಂದು ಸಂಜೆವರೆಗೂ ಕೋರ್ಟ್ ಮೆಟ್ಟಿಲಲ್ಲಿ ಕೂತು ವಾಪಸ್ ಹೋದೋರನ್ನ ನೋಡಿದ್ದೀನಿ. ಹೊರಗೆ ನಿಂತು "ಶ್ಯೂರಿಟಿ ನಾನ್ ಕೊಡ್ತೀನಿ ಇಷ್ಟು ಕೊಡಿ" ಅನ್ನೋರ ಹತ್ರ ಹೋಗ್ಬೇಡಿ, ದಾಖಲೆ ಸುಳ್ಳಾದ್ರೆ ಅದೇ ಇನ್ನೊಂದು ಕೇಸು.

ನಾನಿನ್ನೂ ಪಿಯುಸಿ, 17 ವರ್ಷ.

ಹಾಗಾದ್ರೆ ಇಡೀ ದಾರಿನೇ ಬೇರೆ. ಘಟನೆ ಆದ ದಿನ 18 ತುಂಬಿರಲಿಲ್ಲ ಅಂದ್ರೆ ಬಾಲನ್ಯಾಯ ಕಾಯ್ದೆ 2015 ಬರತ್ತೆ. ಲಾಕಪ್ಪಲ್ಲಿ ಇಡೋ ಹಾಗಿಲ್ಲ, ಜೈಲಿಗೆ ಕಳಿಸೋ ಹಾಗಿಲ್ಲ, ಬಾಲನ್ಯಾಯ ಮಂಡಳಿ ಮುಂದೆ ಹೋಗ್ಬೇಕು, ಹೆಸರು ಫೋಟೋ ಪೇಪರಲ್ಲಿ ಹಾಕೋ ಹಾಗಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ತಗೊಂಡು ಯಾರಾದ್ರೂ ತಕ್ಷಣ ಓಡಿ, ವಯಸ್ಸಿಗೆ ಅದೇ ದಾಖಲೆ.

ಲಾಯರಿಗೆ ದುಡ್ಡಿಲ್ಲ

ಉಚಿತ ಕಾನೂನು ನೆರವು ಭಿಕ್ಷೆ ಅಲ್ಲ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೊಟ್ಟಿರೋ ಹಕ್ಕು. ಹೆಣ್ಣುಮಕ್ಕಳು, ಎಸ್‌ಸಿ ಎಸ್‌ಟಿ, ಮಕ್ಕಳು, ಅಂಗವಿಕಲರು, ಕಸ್ಟಡಿಲಿರೋ ಯಾರೇ ಆದ್ರೂ, ಇವರಿಗೆ ಆದಾಯದ ಲೆಕ್ಕಾನೇ ಇಲ್ಲ. ಉಳಿದೋರಿಗೆ ಆದಾಯ ಮಿತಿ ಇದೆ. ಮೈಸೂರಲ್ಲಿ ಮಂಡ್ಯದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲ್ಲೂಕುಗಳಲ್ಲಿ ತಾಲ್ಲೂಕು ಸಮಿತಿ ಇದೆ, ಫೋನಲ್ಲಿ ಆದ್ರೆ 15100. ಒಂದು ಬಿಳಿ ಹಾಳೇಲಿ ಅರ್ಜಿ ಬರ್ಕೊಟ್ರೂ ತಗೋತಾರೆ. ಸರ್ಕಾರಿ ಲಾಯರ್ ಅಂದ್ರೆ ಸರಿಯಾಗಿ ನಡೆಸಲ್ಲ ಅನ್ನೋ ಮಾತನ್ನ ನಾನು ಒಪ್ಪಲ್ಲ, ನಮ್ಮಲ್ಲಿ ಆ ಪ್ಯಾನೆಲಲ್ಲಿ ಪ್ರಾಣ ಕೊಟ್ಟು ಕೆಲಸ ಮಾಡೋರಿದ್ದಾರೆ.

ಫೋನ್ ಮಾಲೀಕರ ಜೊತೆ ರಾಜಿ ಆಗಬಹುದಾ? ನನ್ನ ದುಡ್ಡು ವಾಪಸ್ ಬರತ್ತಾ?

ಈ ಸೆಕ್ಷನ್ ರಾಜಿ ಆಗೋ ಪಟ್ಟಿಲಿದೆ, ವಸ್ತುವಿನ ಮಾಲೀಕರು ಒಪ್ಪಿದ್ರೆ ಕೋರ್ಟಲ್ಲಿ ಮುಗಿಸ್ಕೋಬಹುದು. ಆದ್ರೆ ಬೇರೆ ಸೆಕ್ಷನ್ನೂ ಸೇರಿಸಿದ್ರೆ ಅದಕ್ಕೂ ಆಗತ್ತಾ ಅಂತ ನೋಡ್ಬೇಕು. ಮಾಲೀಕರ ಮನೆ ಹತ್ರ ನೀವೇ ಹೋಗಿ ಕಾಡೋದು, ಪದೇ ಪದೇ ಫೋನ್ ಮಾಡೋದು ಬೇಡ, ಸಾಕ್ಷಿಗೆ ಬೆದರಿಕೆ ಅಂತ ಆಗಿ ಬೇಲೇ ರದ್ದಾಗಬಹುದು. ಲಾಯರ್ ಮೂಲಕ ಮಾಡಿ.

ದುಡ್ಡಿನ ವಿಷಯ ಬೇಜಾರಿಂದು. ಕಳ್ಳ ಮಾರಿದ್ರೆ ವಸ್ತು ನಿಮ್ದಾಗಲ್ಲ, ನೀವೆಷ್ಟೇ ಪ್ರಾಮಾಣಿಕವಾಗಿ ತಗೊಂಡಿದ್ರೂ ಅದು ಮಾಲೀಕರಿಗೇ ಹೋಗೋದು. ನಿಮ್ಮ ದುಡ್ಡನ್ನ ಮಾರಿದವನ ಹತ್ರನೇ ಕೇಳ್ಬೇಕು, ಮೋಸದ ದೂರನ್ನೂ ಕೊಡಬಹುದು.

ಗವರ್ನಮೆಂಟ್ ಕೆಲಸ, ಪಾಸ್‌ಪೋರ್ಟ್ ಎಲ್ಲಾ ಹೋಯ್ತಾ?

ಇಲ್ಲ. ಎಫ್‌ಐಆರ್ ಅಂದ್ರೆ ಶಿಕ್ಷೆ ಅಲ್ಲ. ಕೇಸ್ ನಡೀತಿರುವಾಗ ಪಾಸ್‌ಪೋರ್ಟಿಗೆ ಕೋರ್ಟ್ ಅನುಮತಿ ತಗೋಬೇಕಾಗತ್ತೆ, ಅಷ್ಟೇ. ಕೆಲಸದ ಫಾರಮ್ಮಲ್ಲಿ "ಕೇಸ್ ಇದೆಯಾ" ಅಂತ ಕೇಳಿದ್ರೆ ಮುಚ್ಚಿಡ್ಬೇಡಿ. 2016ರ ಅವತಾರ್ ಸಿಂಗ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಈ ವಿಷಯಾನೇ ವಿವರವಾಗಿ ನೋಡಿದೆ, ಸಣ್ಣ ಕೇಸಾದ್ರೆ ಕ್ಷಮಿಸೋ ಅವಕಾಶ ಇಲಾಖೆಗಿದೆ, ಆದ್ರೆ ಬೇಕಂತ ಮುಚ್ಚಿಟ್ಟಿದ್ದು ಆಮೇಲೆ ಸಿಕ್ಕಿದ್ರೆ ಕೇಸಿಗಿಂತ ಮುಚ್ಚಿಟ್ಟಿದ್ದೇ ಮುಳುವಾಗತ್ತೆ.

ಒಂದು ವೇಳೆ ಅಪರಾಧಿ ಅಂತಾನೇ ತೀರ್ಪು ಬಂತು ಅಂದ್ರೂ 1958ರ ಪ್ರೊಬೇಷನ್ ಕಾಯ್ದೆ ಇದೆ, ಜೈಲಿಗೆ ಕಳಿಸೋ ಬದಲು ಒಳ್ಳೆ ನಡತೆ ಷರತ್ತಿನ ಮೇಲೆ ಬಿಡೋದು. 21 ವರ್ಷದೊಳಗಿನವರನ್ನ ಇಂಥ ಕೇಸಲ್ಲಿ ಜೈಲಿಗೆ ಕಳಿಸೋ ಮುಂಚೆ ಪ್ರೊಬೇಷನ್ ಅಧಿಕಾರಿಯ ವರದಿ ನೋಡ್ಬೇಕು, ಜೈಲೇ ಯಾಕೆ ಅಂತ ಕಾರಣ ಬರೀಬೇಕು. ಅದೇ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪ್ರೊಬೇಷನ್ ಮೇಲೆ ಬಿಟ್ಟವರಿಗೆ ಆ ಶಿಕ್ಷೆಯಿಂದ ಬರೋ ಅನರ್ಹತೆ ಅಂಟಲ್ಲ. ಇದನ್ನ ಕೋರ್ಟಲ್ಲಿ ಕೇಳೋಕೆ ಮರೆಯೋ ಲಾಯರುಗಳೂ ಇದ್ದಾರೆ, ನೀವೇ ನೆನಪಿಸಿ.

ಮೊದಲನೇ ಹೆಜ್ಜೆಗೇ ಕೇಸಲ್ಲಿ ಏನೂ ಹುರುಳಿಲ್ಲ ಅನಿಸಿದ್ರೆ ವಿಚಾರಣೆ ಶುರುವಾಗೋ ಮುಂಚೆನೇ ಕೇಸಿಂದ ಬಿಡಿ ಅಂತ ಕೇಳೋ ಡಿಸ್ಚಾರ್ಜ್ ಅರ್ಜಿ ಇದೆ, ಬೆಂಗಳೂರಿನ ಹೈಕೋರ್ಟಲ್ಲಿ ಎಫ್‌ಐಆರ್ ರದ್ದಿಗೆ ಕೇಳೋ ದಾರಿನೂ ಇದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದೇ ತಪ್ಪಾ ಹಾಗಾದ್ರೆ?

ಖಂಡಿತ ಅಲ್ಲ, ಎಷ್ಟು ಮನೆಲಿ ಹೊಸದು ಕೊಡ್ಸೋ ಶಕ್ತಿ ಇದೆ. ಫೋನಾದ್ರೆ *#06# ಒತ್ತಿ, 15 ಅಂಕಿಯ ಐಎಂಇಐ ನಂಬರ್ ಬರತ್ತೆ. ಇಂಗ್ಲಿಷಲ್ಲಿ KYM ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಆಮೇಲೆ ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿ, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲೂ ನೋಡಬಹುದು, ಬ್ಲಾಕ್ ಆಗಿರೋ ಫೋನಾದ್ರೆ ಗೊತ್ತಾಗತ್ತೆ. ಆ ಉತ್ತರದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ನಾಳೆ "ನಾನು ಚೆಕ್ ಮಾಡಿದ್ದೆ" ಅನ್ನೋಕೆ. ಬೈಕಾದ್ರೆ ಆರ್‌ಸಿ ಮೇಲಿನ ಚಾಸಿ ನಂಬರ್ ಗಾಡಿ ಮೇಲಿರೋದಕ್ಕೆ ಹೊಂದತ್ತಾ ನೋಡಿ, ಮಾಲೀಕತ್ವ ವರ್ಗಾವಣೆಯ ಫಾರಂ 29, 30 ಇಲ್ಲದೆ ದುಡ್ಡು ಕೊಡ್ಬೇಡಿ. ಮಾರೋನ ಐಡಿ ಜೆರಾಕ್ಸ್ ತಗೊಳ್ಳಿ, ಕ್ಯಾಶ್ ಬೇಡ. ಐಡಿ ಕೊಡೋಕೆ ತಡವರಿಸ್ದ ಅಂದ್ರೆ ಆ ಫೋನ್ ಎಷ್ಟೇ ಚೆನ್ನಾಗಿರ್ಲಿ ಬಿಟ್ಟು ಬನ್ನಿ.

ನನ್ನ ಫ್ರೆಂಡನ್ನ ಈಗಷ್ಟೇ ಕರ್ಕೊಂಡೋದ್ರು. ನಾವು ಹಾಸ್ಟೆಲ್ಲಲ್ಲಿರೋ ನಾಲ್ಕು ಜನ, ಏನ್ ಮಾಡೋಣ?

ನಾಲ್ಕೂ ಜನ ಸ್ಟೇಷನ್ ಮುಂದೆ ಗುಂಪು ಕಟ್ಟಬೇಡಿ, ಇಬ್ಬರು ಸಾಕು. ಯಾವ ಸ್ಟೇಷನ್ನಿಗೆ ಕರ್ಕೊಂಡೋದ್ರು, ಎಷ್ಟು ಗಂಟೆಗೆ ಅಂತ ಈಗಲೇ ಬರೆದಿಡಿ, ಆ 24 ಗಂಟೆ ಲೆಕ್ಕ ಅಲ್ಲಿಂದಾನೇ. ಅವರ ಮನೆಗೆ ಫೋನ್ ಮಾಡಿ, ಭಯ ಬೀಳೋ ಹಾಗೆ ಹೇಳ್ಬೇಡಿ, ಮುಚ್ಚಿಡ್ಲೂಬೇಡಿ. 15100ಕ್ಕೆ ಕಾಲ್ ಮಾಡಿ. ಎಫ್‌ಐಆರ್ ಆಗಿದ್ರೆ ರಾಜ್ಯ ಪೊಲೀಸ್ ವೆಬ್‌ಸೈಟಲ್ಲಿ ಸಾಮಾನ್ಯವಾಗಿ ಸಿಗತ್ತೆ, ಡೌನ್‌ಲೋಡ್ ಮಾಡಿ ಲಾಯರಿಗೆ ಕಳಿಸಿ. ಅವನ ವಸ್ತುಗಳನ್ನ ಮುಟ್ಟಬೇಡಿ, ಬೀರು ಖಾಲಿ ಮಾಡ್ಬೇಡಿ, ಅವನ ಪರವಾಗಿ ಏನನ್ನೂ ಅಳಿಸ್ಬೇಡಿ. ಊಟ ತಗೊಂಡೋಗಿ, ಅವನು ಮಾತ್ರೆ ಗೀತ್ರೆ ತಗೊಳ್ತಿದ್ರೆ ಅದನ್ನೂ ಚೀಟಿ ಸಮೇತ. ಎಕ್ಸಾಮ್ ಹತ್ರ ಇದ್ರೆ ಅವನ ಹಾಲ್ ಟಿಕೆಟ್ ಎಲ್ಲಿದೆ ಅಂತ ಅವನನ್ನೇ ಕೇಳಿ, ಅದರ ಒಂದು ಕಾಪಿ ಬೆಳಗ್ಗೆ ಕೋರ್ಟ್ ಶುರು ಆಗೋ ಮುಂಚೆ ಲಾಯರ್ ಕೈ ಸೇರ್ಲಿ.